ಕಿಟಕಿಯ ಮೇಲಿಟ್ಟ ಬೂಚು

ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನ ಕಡೆ ಹತ್ತು ಹೆಜ್ಜೆ ಹಾಕಿದ ಮೇಲೆ "ಗ್ಯಾಸ್ ಆರಿಸಿದೆನೋ ಇಲ್ಲವೋ" ಎಂದು ಹಿಂದಕ್ಕೆ ಓಡಿಬರುವ ಅಭ್ಯಾಸ ನಿಮಗಿದೆಯೇ ಸೋದರಿಯರೇ? ನನಗಂತೂ ಇದೆ. ಗ್ಯಾಸ್ ನೋಡಿದ ಮೇಲೆ ಹಿತ್ತಿಲ ಬಾಗಿಲು, ಹಿತ್ತಿಲ ಬಾಗಿಲಾದ ಮೇಲೆ ಬಚ್ಚಲ ನಲ್ಲಿ. ನಮ್ಮವರು ಗೇಟಿನ ಹತ್ತಿರ ನಿಂತು ಗಡಿಯಾರ ನೋಡುತ್ತಾ "ನಿನ್ನ ಜೊತೆ ಹೊರಟರೆ ಬಸ್ಸು ಸಿಕ್ಕ ಹಾಗೇ" ಎಂದು ಗೊಣಗುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಹಾಡು.

ಈ ಅಭ್ಯಾಸವನ್ನು ನಾನು ಒಂದೇ ಒಂದು ದಿನ ಸಂಕೋಚಕ್ಕೆ ಬಿದ್ದು ಬಿಟ್ಟೆ. ಅವತ್ತು ಏನಾಯಿತು ಅನ್ನೋದನ್ನ ನಿಮ್ಮ ಹತ್ತಿರ ಹೇಳಿಕೊಳ್ಳಬೇಕು. ಇದುವರೆಗೆ ತವರಿನವರಿಗೂ ಪೂರ್ತಿ ಹೇಳಿಲ್ಲ.

2023ರ ಮಾತು. ನನ್ನ ತಮ್ಮ ಕೆನಡಾ ದೇಶದ ಒಂಟಾರಿಯೋದಲ್ಲಿದ್ದಾನೆ. ಅವನ ಹೆಂಡತಿಗೆ ಎರಡನೆಯ ಹೆರಿಗೆ. ಬಾಣಂತನಕ್ಕೆ ಹೋಗಬೇಕಿದ್ದ ಅಮ್ಮನಿಗೆ ಮಂಡಿ ನೋವು. ಸರಿ, ಎಸ್ಸೆಸ್ಸೆಲ್ಸಿ ಓದಿ ಸಾಗರದಲ್ಲಿ ಸಂಸಾರ ಮಾಡಿಕೊಂಡಿರುವ ನಾನೇ ಮೆಂತ್ಯದ ಪುಡಿ, ಓಮ, ಅಂಟಿನುಂಡೆ ಕಟ್ಟಿಕೊಂಡು ವಿಮಾನ ಹತ್ತಿದೆ. ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ, ಆಗಸ್ಟಿನಲ್ಲಿ, ತಮ್ಮನ ಸ್ನೇಹಿತರೊಬ್ಬರು ನಮ್ಮೆಲ್ಲರನ್ನೂ ಒಂದು ಸರೋವರದ ದಡದ ಮನೆಗೆ ಕರೆದರು. ಅವರೂ ಕನ್ನಡದವರೇ. ಆ ಮನೆಯ ಅಂಗಳದಲ್ಲಿತ್ತು ನೋಡಿ, ನಾನು ಹೇಳಹೊರಟಿರುವ ಗಾಡಿ.

ಹೇಗಿತ್ತು ಅಂತೀರಾ? ದೊಡ್ಡ ಸ್ನಾನದ ತೊಟ್ಟಿಯೊಂದಕ್ಕೆ ಎಂಟು ಚಕ್ರ ಜೋಡಿಸಿದ ಹಾಗೆ! ಆ ಕಡೆ ನಾಲ್ಕು, ಈ ಕಡೆ ನಾಲ್ಕು. ನೆಲದ ಮೇಲೂ ಓಡುತ್ತದೆ, ನೀರಿನ ಮೇಲೂ ತೇಲುತ್ತದೆ. 1960ರ ದಶಕದ ಆರಂಭದಲ್ಲೇ ಕೆನಡಾದಲ್ಲಿ ಇಂಥ ಆರು ಚಕ್ರದ ಗಾಡಿಗಳು ಬಂದವಂತೆ. ಕೆರೆ, ಜೌಗು, ಕಾಡು ಇವೇ ತುಂಬಿರುವ ಸೀಮೆ ತಾನೇ. ಬೇಟೆಗೆ ಹೋಗುವವರು, ಮೀನು ಹಿಡಿಯುವವರು, ಕಾಡಿನಲ್ಲಿ ಕೆಲಸ ಮಾಡುವವರು ಇಟ್ಟುಕೊಂಡಿರುತ್ತಾರೆ.

ಗಾಡಿಯ ಮೈ ದಪ್ಪ ಪ್ಲಾಸ್ಟಿಕ್ಕಿನ ತೊಟ್ಟಿ. ಟೈರುಗಳು ಬಲೂನಿನಂತೆ ಉಬ್ಬಿಕೊಂಡಿರುತ್ತವೆ, ಆದರೆ ಗಾಳಿ ಬಹಳ ಕಡಿಮೆ. ಭಾರವೆಲ್ಲ ಎಂಟು ಕಡೆ ಹರಡುವುದರಿಂದ ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ. ನೀರಿಗಿಳಿದರೆ ದೋಣಿಗಿರುವಂತೆ ಹಿಂದೆ ತಿರುಗುವ ರೆಕ್ಕೆಯೇನೂ ಇಲ್ಲ. ಟೈರಿನ ಮೇಲಿನ ಉಬ್ಬುಗಳೇ ಹುಟ್ಟು ಹಾಕಿದಂತೆ ನೀರನ್ನು ಹಿಂದಕ್ಕೆ ತಳ್ಳಬೇಕು. ಆದ್ದರಿಂದ ನೀರಿನಲ್ಲಿ ಅದರ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರು ಅಷ್ಟೆ, ನಾವು ಸಂತೆಗೆ ನಡೆದುಹೋಗುವ ವೇಗ. ತಿರುಗಿಸಬೇಕೆಂದರೆ ಒಂದು ಕಡೆಯ ಚಕ್ರಗಳನ್ನು ತಡೆದು ಇನ್ನೊಂದು ಕಡೆಯವನ್ನು ಓಡಿಸುವುದು. ನೆಲದಲ್ಲಿ ಗಿರ್ರನೆ ತಿರುಗುವ ಗಾಡಿ ನೀರಿನಲ್ಲಿ ಮೆಲ್ಲಗೆ, ಒಲ್ಲದ ಮನಸ್ಸಿನಿಂದ ತಿರುಗುತ್ತದೆ.

ಮೊದಲ ದಿನ ಜೌಗಿನಲ್ಲಿ ಸುತ್ತಾಡಿ ಬಂದರು. ಒಳಗೆಲ್ಲ ಕೆಸರು. ತಮ್ಮನ ದೊಡ್ಡ ಮಗ, ಹನ್ನೊಂದು ವರ್ಷದವನು, ಪೈಪು ಹಿಡಿದು ಗಾಡಿಯ ಒಳಗನ್ನೆಲ್ಲ ತೊಳೆದ. ತೊಳೆದ ನೀರು ಹೋಗಬೇಕಲ್ಲ? ತೊಟ್ಟಿಯ ತಳದಲ್ಲಿ, ಹಿಂಭಾಗಕ್ಕೆ, ಒಂದು ತೂತಿದೆ. ಅದಕ್ಕೆ ತಿರುಗಿಸಿ ಹಾಕುವ ಬೂಚು. ಹುಡುಗ ಬೂಚು ಬಿಚ್ಚಿ ಮೆಟ್ಟಿಲ ಮೇಲಿಟ್ಟ. ಊಟಕ್ಕೆ ಕರೆದರು, ಓಡಿಹೋದ.

ಕೆನಡಾಕ್ಕೆ ಹೋದರೂ ಬೆಳಿಗ್ಗೆ ಎದ್ದು ಬಾಗಿಲು ಗುಡಿಸುವುದು ನನಗೆ ತಪ್ಪಿರಲಿಲ್ಲ. ಮಾರನೇ ಬೆಳಿಗ್ಗೆ ಮೆಟ್ಟಿಲು ಗುಡಿಸುವಾಗ ಆ ಬೂಚು ಸಿಕ್ಕಿತು. ಯಾವುದೋ ಡಬ್ಬಿಯ ಮುಚ್ಚಳವಿರಬೇಕು ಎಂದುಕೊಂಡು ತೊಳೆದು ಅಡಿಗೆಮನೆಯ ಕಿಟಕಿಯ ಮೇಲಿಟ್ಟೆ. ಬಿಸಾಡುವುದು ನಮ್ಮ ಜಾಯಮಾನದಲ್ಲೇ ಇಲ್ಲವಲ್ಲ.

ಹತ್ತು ಗಂಟೆಗೆ ಸರೋವರ ದಾಟಿ ಆಚೆ ದಡದಲ್ಲಿ ಊಟ ಮಾಡುವುದೆಂದು ತೀರ್ಮಾನವಾಯಿತು. ಬಾಣಂತಿ ಮಗುವಿನೊಂದಿಗೆ ಮನೆಯಲ್ಲೇ ಉಳಿದಳು. ಸ್ನೇಹಿತರು, ತಮ್ಮ, ಹುಡುಗ, ನಾನು, ನಾಲ್ಕು ಜನ ಹೊರಟೆವು. ತೇಲುವ ಜಾಕೀಟು ಹಾಕಿಕೊಳ್ಳುವಾಗ "ಇದು ನನ್ನ ಭಾರ ತಡೆಯುತ್ತದೆಯೇ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ. ಆಮೇಲೆ ಆ ಕಿಟಕಿಯ ಬೂಚಿನ ನೆನಪಾಯಿತು. "ಅದು ಯಾವುದರದ್ದು?" ಎಂದು ಕೇಳಲು ಬಾಯಿ ತೆರೆದೆ. ಗಂಡಸರಿಬ್ಬರೂ ಇಂಗ್ಲೀಷಿನಲ್ಲಿ ಎಂಜಿನ್ನಿನ ವಿಷಯ ಮಾತಾಡುತ್ತಿದ್ದರು. ಇನ್ನೊಂದು ಸಲ ನಗೆಪಾಟಲಾಗುವುದು ಬೇಡ, ಇಷ್ಟೆಲ್ಲಾ ಓದಿದವರಿಗೆ ಗೊತ್ತಿರದ್ದು ನನಗೇನು ಗೊತ್ತು ಎಂದು ಬಾಯಿ ಮುಚ್ಚಿದೆ.

ಗಾಡಿಯ ಮೇಲೊಂದು ಪಟ್ಟಿ ಅಂಟಿಸಿತ್ತು. ನೆಲದ ಮೇಲೆ ಆರು ಜನ, ನೀರಿನಲ್ಲಿ ನಾಲ್ಕೇ ಜನ. ನಾವು ನಾಲ್ವರೇ, ಸರಿ. ಆದರೆ ಐಸ್ ಡಬ್ಬಿ, ಮೀನು ಹಿಡಿಯುವ ಸಾಮಾನು, ಪೆಟ್ರೋಲ್ ಕ್ಯಾನು, ಕುರ್ಚಿಗಳು, ನನ್ನ ಪುಳಿಯೋಗರೆ ಡಬ್ಬಿ, ಇವುಗಳ ಲೆಕ್ಕ ಯಾರು ಇಟ್ಟರು? ನೀರು ಜನವನ್ನು ಎಣಿಸುವುದಿಲ್ಲ, ತೂಕವನ್ನು ನೋಡುತ್ತದೆ.

ನೀರಿಗಿಳಿದಾಗ ಮಜವಾಗಿಯೇ ಇತ್ತು. ಮೂರು ನಿಮಿಷವಾಗಿರಬೇಕು, ಹಿಂದಿನ ಸೀಟಿನಲ್ಲಿದ್ದ ನನ್ನ ಕಾಲು ಒದ್ದೆಯಾಯಿತು. ಐಸ್ ಕರಗಿರಬೇಕು ಎಂದುಕೊಂಡೆ. ಆಗಲೂ ಹೇಳಲಿಲ್ಲ ನೋಡಿ! ನೀರು ಪಾದ ಮುಚ್ಚಿದ ಮೇಲೆ "ಪುಟ್ಟೂ, ಒಳಗೆ ನೀರು ಬರ್ತಿದೆ ಕಣೋ" ಎಂದೆ. ತಮ್ಮ ತಿರುಗಿ ನೋಡಿದವನೇ ಬಿಳಿಚಿಕೊಂಡ.

ನೀರು ಹೊರಹಾಕುವ ಸಣ್ಣ ಪಂಪಿತ್ತು. ಗುಂಡಿ ಒತ್ತಿದರು. ಗುರ್ ಎಂದಿತೇ ಹೊರತು ನೀರು ಹೋಗಲಿಲ್ಲ, ಬಾಯಿಗೆ ಪೈನ್ ಮರದ ಎಲೆಕಡ್ಡಿ ಕಟ್ಟಿಕೊಂಡಿತ್ತು. ಹತ್ತಿರದ ದಡ ಮೂವತ್ತು ಮಾರು ದೂರದಲ್ಲಿತ್ತು, ಆದರೆ ಕಡಿದಾದ ಬಂಡೆ. ಗಾಬರಿಯಲ್ಲಿ ಸ್ನೇಹಿತರು ಅತ್ತಲೇ ತಿರುಗಿಸಿದರು. ಮುಂದಿನ ಚಕ್ರ ಬಂಡೆ ಹತ್ತಿತು, ಹಿಂಭಾಗ ಕೆಳಗಿಳಿಯಿತು. ಒಳಗಿದ್ದ ನೀರೆಲ್ಲ ಹಿಂದಕ್ಕೆ ನುಗ್ಗಿತು, ಆ ಭಾರಕ್ಕೆ ಹಿಂದಿನ ಅಂಚು ಇನ್ನೂ ತಗ್ಗಿ ಸರೋವರದ ನೀರೇ ಒಳಗೆ ಸುರಿಯಿತು. ಗಾಡಿ ಜಾರಿ ಹಿಂದಕ್ಕೆ ಬಂತು.

ಹುಡುಗ ಹೆದರಿ ಎದ್ದು ನಿಂತ. ಅಯ್ಯೋ! ಒಂದೇ ಕ್ಷಣ, ಇಡೀ ಗಾಡಿ ಅವನ ಕಡೆ ವಾಲಿತು. ಒಳಗಿನ ನೀರೂ ಅದೇ ಕಡೆ ಹರಿದು ಇನ್ನಷ್ಟು ವಾಲಿಸಿತು. ಅಂಚಿಗೂ ನೀರಿಗೂ ನಾಲ್ಕು ಬೆರಳು ಅಂತರ.

"ಕೂತ್ಕೋ! ತಳದಲ್ಲಿ ಕೂತ್ಕೋ!" ಎಂದು ಕಿರುಚಿದೆ. ಆ ದನಿ ನನ್ನದೋ ನಮ್ಮಪ್ಪನದೋ ಗೊತ್ತಾಗಲಿಲ್ಲ. ನನ್ನ ತವರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಅಂಬಾರಗೋಡ್ಲಿನ ಲಾಂಚಿನಲ್ಲಿ ಓಡಾಡಿಯೇ ಬೆಳೆದವಳು. ಬಸ್ಸು ಎಲ್ಲಿ ನಿಲ್ಲಬೇಕು, ಜೀಪು ಎಲ್ಲಿ ನಿಲ್ಲಬೇಕು ಎಂದು ಲಾಂಚಿನವರು ಕೈಸನ್ನೆ ಮಾಡಿ ನಿಲ್ಲಿಸುತ್ತಿದ್ದರು. ನಾವು ಮಕ್ಕಳು ನೀರು ನೋಡಲು ಒಂದೇ ಕಡೆ ನುಗ್ಗಿದರೆ ಅಪ್ಪ ಗದರಿ ಕೂರಿಸುತ್ತಿದ್ದರು.

ಹುಡುಗ ನೀರಿನಲ್ಲೇ ಕೂತ. ಗಾಡಿ ನೆಟ್ಟಗಾಯಿತು. ಆಗ ನನ್ನ ಬಾಯಿಂದ ಬಂತು: "ಬೂಚು! ಮೆಟ್ಟಿಲ ಮೇಲೆ ಒಂದು ಬೂಚು ಸಿಕ್ಕಿತ್ತು, ನಾನು ಕಿಟಕಿ ಮೇಲಿಟ್ಟೆ!" ತಮ್ಮ "ಅಕ್ಕಾ, ನಿನ್ನ ಸೀಟಿನ ಕೆಳಗೇ ತೂತಿದೆ, ನೋಡು" ಎಂದ. ಕೈಹಾಕಿದರೆ ತಣ್ಣನೆಯ ನೀರು ಚಿಲುಮೆಯಂತೆ ಉಕ್ಕುತ್ತಿತ್ತು. ಪುಳಿಯೋಗರೆ ಡಬ್ಬಿಗೆ ಸುತ್ತಿದ್ದ ಬಟ್ಟೆಯನ್ನು ಹುರಿಮಾಡಿ, ಸೋರುವ ಹಂಡೆಗೆ ತುರುಕುತ್ತೇವಲ್ಲ ಹಾಗೆ, ಬಿಗಿಯಾಗಿ ತುರುಕಿ ಕಾಲಿನಿಂದ ಒತ್ತಿ ಹಿಡಿದೆ. ಪುಳಿಯೋಗರೆಯನ್ನು ಮೀನುಗಳಿಗೆ ಅರ್ಪಿಸಿ, ಆ ಡಬ್ಬಿಯಲ್ಲೇ ನೀರು ಮೊಗೆದು ಮೊಗೆದು ಹಾಕಿದೆ. ಎಂಜಿನ್ ಅಬ್ಬರಿಸುತ್ತಿತ್ತು, ಚಕ್ರಕ್ಕೆ ಮಾತ್ರ ಬಲವಿಲ್ಲ. ಎಂಜಿನ್ನಿನ ಬೆಲ್ಟಿಗೆ ನೀರು ತಾಗಿ ಜಾರುತ್ತಿದೆ ಎಂದರು ಸ್ನೇಹಿತರು. ಸಹಾಯ ಬೇಕೇಬೇಕೆಂಬ ಹೊತ್ತಿಗೇ ಕೈಕೊಡುವ ಬೆಲ್ಟು! ತಮ್ಮ ಹುಟ್ಟು ಹಾಕಿದ. ಕೊನೆಗೆ ಮರಳಿನ ಇಳಿಜಾರು ದಡ ಸಿಕ್ಕಿತು. ನೇರವಾಗಿ, ನಿಧಾನವಾಗಿ ಹತ್ತಿತು. ಇಳಿದವಳೇ ಹುಡುಗನನ್ನು ತಬ್ಬಿಕೊಂಡು ಕೂತುಬಿಟ್ಟೆ.

ಎಲ್ಲರೂ ನನ್ನನ್ನು ಹೊಗಳಿದರು. ಆದರೆ ಸೋದರಿಯರೇ, ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಟ್ಟೆ ತುರುಕಿದ್ದು ದೊಡ್ಡದಲ್ಲ. ಹತ್ತು ಗಂಟೆಗೆ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾನು ನುಂಗಿದ್ದೆನಲ್ಲ? ಮಗುವಿಗೆ ಏನಾದರೂ ಆಗಿದ್ದರೆ, ದಡದ ಮನೆಯಲ್ಲಿ ಹಸುಗೂಸು ಹಿಡಿದು ಕೂತಿದ್ದ ಆ ತಾಯಿಗೆ ಯಾವ ಮುಖ ತೋರಿಸುತ್ತಿದ್ದೆ?

ಆಮೇಲೆ ತಮ್ಮ ಓದಿ ಹೇಳಿದ ಸಂಗತಿಗಳು ಇನ್ನೂ ಎದೆ ನಡುಗಿಸಿದವು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದ, ನೆಲ-ನೀರು ಎರಡರಲ್ಲೂ ಹೋಗುವ ದೊಡ್ಡ ಲಾರಿಗಳಲ್ಲಿ ಪ್ರವಾಸಿಗಳನ್ನು ಕೂರಿಸಿ ಸುತ್ತಿಸುತ್ತಿದ್ದರು. 1999ರ ಮೇ 1ರಂದು ಅರ್ಕನ್ಸಾಸ್ ರಾಜ್ಯದ ಹ್ಯಾಮಿಲ್ಟನ್ ಸರೋವರದಲ್ಲಿ ಅಂಥದೊಂದು ಮುಳುಗಿ, ಒಳಗಿದ್ದ 21 ಜನರಲ್ಲಿ 13 ಜನ ಸತ್ತರು. ಕಾರಣ ಬಿರುಗಾಳಿಯಲ್ಲ. ಚಕ್ರಕ್ಕೆ ಶಕ್ತಿ ಕೊಡುವ ದಂಡ ತಳವನ್ನು ಹಾದುಹೋಗುವಲ್ಲಿ ಇದ್ದ ಒಂದು ರಬ್ಬರ್ ಮುಚ್ಚಿಗೆ ಸಡಿಲವಾಗಿತ್ತು. ಮುಳುಗುವಾಗ ತಲೆಯ ಮೇಲಿನ ಚಾವಣಿ ಜನರನ್ನು ಒಳಗೇ ಹಿಡಿದಿಟ್ಟಿತು. ಚಾವಣಿ ತೆಗೆಯಿರಿ, ನೀರು ತುಂಬಿದರೂ ತೇಲುವಂತೆ ಮಾಡಿ ಎಂದು ತನಿಖೆ ಮಾಡಿದ ಮಂಡಳಿ ಹೇಳಿತು. ಆದರೂ 2018ರ ಜುಲೈ 19ರಂದು ಮಿಸ್ಸೌರಿಯ ಟೇಬಲ್ ರಾಕ್ ಸರೋವರದಲ್ಲಿ ಬಿರುಗಾಳಿಗೆ ಸಿಕ್ಕಿ ಇನ್ನೊಂದು ಮುಳುಗಿತು. 31 ಜನರಲ್ಲಿ 17 ಜನ ಹೋದರು. ಅದಕ್ಕೂ ಚಾವಣಿಯಿತ್ತು. ಹೇಳಿದ್ದನ್ನು ಕೇಳದಿದ್ದರೆ ಏನು ಪ್ರಯೋಜನ?

ಪರದೇಶದಲ್ಲಿರುವ ನಿಮ್ಮ ಮಕ್ಕಳೋ ತಮ್ಮಂದಿರೋ ಇಂಥ ಗಾಡಿ ಹತ್ತಿಸುತ್ತೇವೆ ಎಂದರೆ ಹೆದರಬೇಡಿ, ಹತ್ತಿ. ಆದರೆ ಮೊದಲು ಕೇಳಿ. ತಳದ ಬೂಚು ಹಾಕಿದೆಯೇ? ಕೈಮುಟ್ಟಿ ನೋಡಿದಿರಾ? ಪಂಪಿನ ಬಾಯಿ ಚೊಕ್ಕಟವಾಗಿದೆಯೇ? ಚಕ್ರದ ಅಚ್ಚು ತೊಟ್ಟಿಯನ್ನು ಹಾಯುವ ಕಡೆ ಗ್ರೀಸು ತುಂಬಿದೆಯೇ, ಅಲ್ಲಿನ ರಬ್ಬರು ಹರಿದಿಲ್ಲ ತಾನೇ? ಸಾಮಾನಿನ ತೂಕವನ್ನೂ ಲೆಕ್ಕಕ್ಕೆ ಹಿಡಿದಿರಾ? ಭಾರದ್ದೆಲ್ಲ ತಳದಲ್ಲಿ, ಎರಡೂ ಕಡೆಗೆ ಸಮನಾಗಿ ಇಡಿ. ತೇಲುವ ಜಾಕೀಟನ್ನು ಸೀಟಿನ ಕೆಳಗಿಡದೆ ಮೈಮೇಲೇ ಹಾಕಿಕೊಳ್ಳಿ. ನೀರಿನಲ್ಲಿ ಯಾರೂ ಎದ್ದು ನಿಲ್ಲಬಾರದು. ಹತ್ತುವ ದಡವನ್ನು ಇಳಿಯುವ ಮುಂಚೆಯೇ ನೋಡಿಕೊಳ್ಳಿ, ಹತ್ತಿರದ ಕಡಿದು ದಡಕ್ಕಿಂತ ಸ್ವಲ್ಪ ದೂರದ ಇಳಿಜಾರೇ ವಾಸಿ. ಗಾಳಿ ಎದ್ದಿದ್ದರೆ ಅವತ್ತು ಹೋಗಲೇಬೇಡಿ, ಆ ಹಗುರ ಗಾಡಿಯನ್ನು ಗಾಳಿ ಎತ್ತ ಬೇಕಾದರೂ ತಳ್ಳುತ್ತದೆ.

ಇದನ್ನೆಲ್ಲ ಕೇಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಹಾಲು ಉಕ್ಕುವ ಮುಂಚೆ ಗೊತ್ತಾಗುವುದು ನಮಗೆ. ಕುಕ್ಕರಿನ ಸೀಟಿ ಬರದಿದ್ದರೆ ಏನೋ ಕಟ್ಟಿಕೊಂಡಿದೆ ಎಂದು ತಿಳಿಯುವುದೂ ನಮಗೇ. ಆ ಕಣ್ಣನ್ನು ಹೊರಗೆ ಹೋದಾಗ ಮಾತ್ರ ಯಾಕೆ ಮುಚ್ಚಿಕೊಳ್ಳಬೇಕು? ನಕ್ಕರೆ ನಗಲಿ.

ನಮ್ಮ ಶರಾವತಿಗೂ 2025ರ ಜುಲೈನಲ್ಲಿ ಸೇತುವೆಯ ಉದ್ಘಾಟನೆಯಾಯಿತು. ಈಗ ತವರಿಗೆ ಹೋಗಲು ಲಾಂಚಿಗೆ ಕಾಯಬೇಕಾಗಿಲ್ಲ, ಬಸ್ಸು ಸರ್ರನೆ ದಾಟುತ್ತದೆ. ಆದರೂ ಸೇತುವೆಯ ಮೇಲೆ ಹೋಗುವಾಗ ಆ ಕೈಸನ್ನೆ ಮಾಡುತ್ತಿದ್ದ ಲಾಂಚಿನವರು ನೆನಪಾಗುತ್ತಾರೆ.

ತಮ್ಮನ ಮಗ ಮೊನ್ನೆ ಒಂದು ಫೋಟೋ ಕಳಿಸಿದ್ದ. ಆ ಗಾಡಿಯ ಬೀಗದ ಕೈಗೆ ಕೆಂಪು ದಾರ ಕಟ್ಟಿದ್ದಾನೆ. ಗಾಡಿ ತೊಳೆಯಲು ಬೂಚು ಬಿಚ್ಚಿದರೆ ಅದನ್ನು ಆ ದಾರದ ಇನ್ನೊಂದು ತುದಿಗೆ ಕಟ್ಟಿಡಬೇಕಂತೆ. ಬೂಚು ಕೈಗೆ ಬಾರದೆ ಬೀಗದ ಕೈ ಬರುವ ಹಾಗೇ ಇಲ್ಲ. "ಅತ್ತೇ, ನಿನ್ನ ದಾರ" ಎಂದು ಕೆಳಗೆ ಬರೆದಿದ್ದ.

ನಮ್ಮವರು ಈಗಲೂ ಗೇಟಿನ ಹತ್ತಿರ ನಿಂತು ಗಡಿಯಾರ ನೋಡುತ್ತಾರೆ. ನೋಡಲಿ ಬಿಡಿ. ನಾನು ಒಂದು ನಿಮಿಷ ಒಳಗೆ ಹೋಗಿ ಗ್ಯಾಸ್ ನೋಡಿಕೊಂಡೇ ಬರುತ್ತೇನೆ.