ಕಾನ್ವೆಂಟೂ ಮಠವೂ

ಕಳೆದ ಡಿಸೆಂಬರಿನ ಒಂದು ಸಂಜೆ ಮೊಮ್ಮಗನು ಕೆಂಪು ಟೋಪಿ, ಹತ್ತಿಯ ಗಡ್ಡ ಧರಿಸಿ, ಕೈಯಲ್ಲಿ ಕೇಕಿನ ತುಂಡು ಹಿಡಿದು ಶಾಲೆಯಿಂದ ರಾಯಲ್ಪಾಡಿನ ನಮ್ಮ ಮನೆಗೆ ಬಂದನು. "ಯಾರ ಹುಟ್ಟುಹಬ್ಬವಪ್ಪಾ?" ಎಂದು ಕೇಳಿದೆ. "ಕ್ರಿಸ್‌ಮಸ್ ತಾತನದು" ಎಂದನು. ಮನೆಯವರೆಲ್ಲರೂ ನಕ್ಕರು, ನಾನೂ ನಕ್ಕೆನು. ಆದರೆ ರಾತ್ರಿ ಲಿಂಗಪೂಜೆಗೆ ಕುಳಿತಾಗ ಆ ಉತ್ತರವು ಮನಸ್ಸನ್ನು ಬಿಡಲಿಲ್ಲ. ಯೇಸುವಿನ ಹೆಸರೇ ಮಗುವಿನ ಕಿವಿಗೆ ಬಿದ್ದಿರಲಿಲ್ಲ.

ನಮ್ಮ ಸೀಮೆಯಲ್ಲಿ ಇಂಗ್ಲಿಷ್ ಕಲಿಸುವ ಶಾಲೆಯೆಲ್ಲವೂ 'ಕಾನ್ವೆಂಟ್'. ನಡೆಸುವವರು ನಮ್ಮವರೇ, ನವರಾತ್ರಿಯಲ್ಲಿ ಅಲ್ಲಿ ಶಾರದಾಪೂಜೆಯೂ ಆಗುತ್ತದೆ. ಆ ಪದದ ನಿಜಾರ್ಥವು ಕ್ರೈಸ್ತ ಸನ್ಯಾಸಿನಿಯರ ಮಠ ಎಂಬುದು ಯಾರಿಗೂ ಬೇಕಾಗಿಲ್ಲ. ನಮ್ಮ ಹಿರಿಯರು ಅಯ್ಯಗಳ ಮುಂದೆ ಮರಳಿನಲ್ಲಿ ಅಕ್ಷರ ತಿದ್ದಿದ್ದು ಕೂಲಿಮಠದಲ್ಲಿ. ಆ ಮಠವನ್ನು ಬಿಟ್ಟು ನಮ್ಮ ಮಕ್ಕಳು ಮತ್ತೊಂದು ಮಠಕ್ಕೆ ಹೋದರು, ಅಲ್ಲಿಯೂ ಮಠವಿಲ್ಲ! ಪ್ರತಿದಿನ ಬರೆಯುವ 'ಇಸವಿ' ಎಂಬ ಮಾತೂ ಈಸಾ, ಅರ್ಥಾತ್ ಯೇಸು, ಎಂಬ ಅರಬ್ಬೀ ಹೆಸರಿನಿಂದ ಹುಟ್ಟಿದ್ದು.

ನಾನು ಆ ಧರ್ಮವನ್ನು ಕಂಡ ಬಗೆಯೇ ಬೇರೆ. 1967ರಲ್ಲಿ ನನ್ನ ತಾಯಿಯವರಿಗೆ ಕ್ಷಯ ತಗುಲಿತು. ಗಡಿಯಾಚೆಯ ಮದನಪಲ್ಲಿಯ ಬಳಿ ಆರೋಗ್ಯವರವಿದೆ. 1910ರ ದಶಕದಲ್ಲಿ ಹಲವು ಮಿಷನ್ ಸಂಘಗಳು ಕೂಡಿ ಕಟ್ಟಿದ ಕ್ಷಯರೋಗಿಗಳ ಆಸ್ಪತ್ರೆ ಅದು. ಡೆನ್ಮಾರ್ಕಿನ ವೈದ್ಯ ಫ್ರಿಮೋಟ್ ಮೊಲ್ಲರ್ ಅದರ ಮೊದಲ ಮುಖ್ಯಸ್ಥರು. ತಂದೆಯವರು ತಾಯಿಯನ್ನು ಅಲ್ಲಿಗೆ ಸೇರಿಸಿದರು. ಎದೆಯ ಎಕ್ಸ್‌ರೇ ತೆಗೆಯುವಾಗ ಕರಡಿಗೆಯು ಅಡ್ಡ ಬಂದಿತು. ಲಿಂಗವನ್ನು ಅಂಗದಿಂದ ಅಗಲಿಸಲಾರೆನೆಂದು ತಾಯಿ ಅತ್ತರಂತೆ. ಶಿಲುಬೆ ಧರಿಸಿದ್ದ ದಾದಿಯೊಬ್ಬರು ಕಾರಣವನ್ನು ಕೇಳಿ ತಿಳಿದು, ಶುಭ್ರವಾದ ಬಟ್ಟೆ ತಂದು, ಕರಡಿಗೆಯನ್ನು ತೋಳಿಗೆ ಕಟ್ಟಿಕೊಳ್ಳುವಂತೆ ಹೇಳಿ ಆಚೆ ತಿರುಗಿ ನಿಂತರಂತೆ. ಮುಟ್ಟಲಿಲ್ಲ, ಮತದ ಮಾತನ್ನೂ ಎತ್ತಲಿಲ್ಲ. ಕೆಮ್ಮಿದರೆ ಮನೆಯವರೇ ದೂರ ಸರಿಯುತ್ತಿದ್ದ ಕಾಲದಲ್ಲಿ ಆಕೆ ದಿನವೂ ತಾಯಿಯ ಉಗುಳಿನ ಪಾತ್ರೆಯನ್ನು ತೊಳೆದರು.

ಮುಂದೆ ಮಠದ ಪಾಠಶಾಲೆಯಲ್ಲಿ ಕಿಟೆಲ್ಲರ 1894ರ ನಿಘಂಟನ್ನು ತಿರುವಿಹಾಕುವಾಗಲೆಲ್ಲ ಆ ದಾದಿಯ ನೆನಪಾಗುತ್ತಿತ್ತು. ಮತಪ್ರಚಾರಕ್ಕೆಂದೇ ಬಂದ ಹರ್ಮನ್ ಮೊಗ್ಲಿಂಗ್ ತನ್ನ ಗ್ರಂಥಮಾಲೆಯಲ್ಲಿ ನಮ್ಮ ಬಸವಪುರಾಣವನ್ನು ಅಚ್ಚು ಹಾಕಿಸಿದ್ದೂ ಉಂಟು. ಅವರ ಉದ್ದೇಶವನ್ನು ನಾನು ಒಪ್ಪುವುದಿಲ್ಲ. ಆದರೂ ನಮ್ಮನ್ನು ಓದಿದ ನಂತರವೇ ಅವರು ವಾದಕ್ಕೆ ನಿಂತರು. ನಾವೋ ಅವರ ಕೇಕನ್ನು ಮಾತ್ರ ತಿಂದೆವು.

ಮರುದಿನ ಮೊಮ್ಮಗನನ್ನು ಕೂರಿಸಿಕೊಂಡು ತಾಯಿಯವರ ಕಥೆ ಹೇಳಿದೆ. ಶಿಲುಬೆಯ ಕಥೆಯನ್ನೂ ನನಗೆ ತಿಳಿದಷ್ಟು ಹೇಳಿದೆ. ಅವನು ನನ್ನ ಎದೆಯ ಮೇಲಿನ ಕರಡಿಗೆಯನ್ನು ನೋಡಿ, "ತಾತಾ, ಅಪ್ಪನದು ಎಲ್ಲಿ?" ಎಂದನು. ನನ್ನ ಮಗ ಅಲ್ಲಿಯೇ ಪತ್ರಿಕೆ ಓದುತ್ತಿದ್ದ. ಅವನ ಕರಡಿಗೆಯು ಹತ್ತು ವರ್ಷದಿಂದ ದೇವರಮನೆಯ ಗೂಡಿನಲ್ಲಿದೆ. ಬಸವ ಜಯಂತಿಯ ಮೆರವಣಿಗೆಗೆ ಮಾತ್ರ ಹೊರಬರುತ್ತದೆ. ಮಗ ಪತ್ರಿಕೆಯಿಂದ ಮುಖವನ್ನೆತ್ತಲಿಲ್ಲ. ಅವನನ್ನು ಒಮ್ಮೆಯೂ ಗದರದೆ ಸುಮ್ಮನಿದ್ದವನು ನಾನು. ಏನೂ ಹೇಳಲಾರದೆ ಹೋದೆ.

"ಆ ಆಸ್ಪತ್ರೆ ಈಗಲೂ ಇದೆಯಾ?" ಎಂದು ಮಗು ಕೇಳಿದನು. ಇದೆ ಎಂದೆ. ಬರುವ ಭಾನುವಾರ ಮದನಪಲ್ಲಿಯ ಬಸ್ಸಿಗೆ ಮೂವರೂ ಹೋಗುವುದೆಂದು ಗೊತ್ತುಮಾಡಿದ್ದೇವೆ.