ಹುಳಿಗೆ ತಕ್ಕ ಪಾತ್ರೆ

ಹುಳಿಗೂ ಲೋಹಕ್ಕೂ ಇರುವ ವೈರವನ್ನು ನಮ್ಮ ಹಿರಿಯ ಗೃಹಿಣಿಯರು ರಸಾಯನಶಾಸ್ತ್ರ ಓದಿ ತಿಳಿದವರಲ್ಲ. ಹಿತ್ತಾಳೆಯಲ್ಲಿಟ್ಟ ಮಜ್ಜಿಗೆ ಕಿಲುಬುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದಲೇ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು, ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯನ್ನೇ ಆರಿಸುತ್ತಿದ್ದರು. ಅಮೆರಿಕೆಯ ನಮ್ಮ ಮನೆಗಳಲ್ಲಿ ಹುಣಿಸೆಹುಳಿಯ ಚಿಂತೆಯನ್ನು ಸ್ಟೀಲು ಪಾತ್ರೆ ನೀಗಿಸಿದೆ. ಆದರೆ ಅದಕ್ಕಿಂತ ಉಗ್ರವಾದ ಇನ್ನೊಂದು ಹುಳಿ ಕಾರಿನ ಬ್ಯಾಟರಿಯಲ್ಲಿಯೂ, ಕೆಲವರ ಮನೆಯಲ್ಲಿ ಸಿಂಕಿನ ಕೆಳಗಿನ ಸೀಸೆಯಲ್ಲಿಯೂ ನಮ್ಮೊಡನೆ ವಾಸವಾಗಿದೆ. ಅದೇ ಗಂಧಕಾಮ್ಲ.

ಇದರ ಸ್ವಭಾವ ವಿಚಿತ್ರವಾದುದು. ನೀರು ಬೆರೆತ ಗಂಧಕಾಮ್ಲವು ಕಬ್ಬಿಣ, ಸತು, ಅಲ್ಯೂಮಿನಿಯಂಗಳನ್ನು ಕರಗಿಸಿ, ಕಿಡಿ ತಗುಲಿದರೆ ಸಿಡಿಯುವ ಜಲಜನಕವನ್ನು ಹೊರಡಿಸುತ್ತದೆ. ತಾಮ್ರದಿಂದ ಜಲಜನಕ ಹೊರಡದು. ಸೀಸದ ಮೇಲೆ ಕರಗದ ಪೊರೆಯೊಂದು ಕಟ್ಟಿ ಅದನ್ನು ಕಾಯುತ್ತದೆ. ಅಚ್ಚರಿಯೆಂದರೆ, ತಣ್ಣಗಿನ ಸಾಂದ್ರ ಆಮ್ಲವನ್ನು ಕಾರ್ಖಾನೆಗಳು ಉಕ್ಕಿನ ತೊಟ್ಟಿಗಳಲ್ಲಿಯೇ ಶೇಖರಿಸುತ್ತವೆ. ಅಲ್ಲಿಯೂ ಪೊರೆಯೇ ರಕ್ಷಕ. ನೀರು ಸೇರಿತೆಂದರೆ ಅದೇ ಉಕ್ಕನ್ನು ಅದು ಕೊರೆಯತೊಡಗುತ್ತದೆ.

ಸಾಂದ್ರ ಆಮ್ಲದ ಹಸಿವೆಲ್ಲ ನೀರಿಗಾಗಿ. ಸಕ್ಕರೆಯೊಳಗಿನ ನೀರಿನ ಅಂಶವನ್ನೇ ಹೀರಿ ಅದನ್ನು ಕಪ್ಪು ಇದ್ದಿಲಾಗಿಸುತ್ತದೆ. ಕಾಗದ, ಮರ, ನಮ್ಮ ಚರ್ಮ ಯಾವುದನ್ನೂ ಬಿಡದು. ಬ್ಯಾಟರಿಯ ಆಮ್ಲ ಸುಮಾರು ಮೂರನೆಯ ಒಂದು ಪಾಲಷ್ಟೇ ಸಾಂದ್ರವಾದರೂ ನಿರುಪದ್ರವಿಯಲ್ಲ. ನಮ್ಮ ಯಜಮಾನರು ಹಳೆಯ ಬ್ಯಾಟರಿಯನ್ನು ಎತ್ತಿಟ್ಟ ದಿನ ಅವರ ಹತ್ತಿಯಂಗಿ ಸರಿಯಾಗಿಯೇ ಇತ್ತು. ಒಗೆದು ತೆಗೆದಾಗ ಜರಡಿಯಾಗಿತ್ತು. ಸಿಡಿದ ಹನಿಯಿಂದ ನೀರು ಆರಿದಂತೆ ಆಮ್ಲ ಸಾಂದ್ರವಾಗಿ ನೂಲನ್ನು ತಿಂದಿತ್ತು.

ಇಲ್ಲಿ ಕೊಳವೆ ಶುದ್ಧಿಗೆಂದು ಮಾರುವ ಕೆಲವು ದ್ರವಗಳಲ್ಲಿ ಶೇಕಡಾ 90ಕ್ಕೂ ಮಿಕ್ಕಿ ಗಂಧಕಾಮ್ಲವಿರುತ್ತದೆ. ಅದರ ಮೇಲೆ ನೀರು ಸುರಿದರೆ ಕ್ಷಣದಲ್ಲಿ ಕುದಿದು ಮುಖಕ್ಕೆ ಸಿಡಿಯಬಹುದು. ಬ್ಲೀಚ್ ಬೆರೆತರೆ ವಿಷಾನಿಲವಾದ ಕ್ಲೋರಿನ್ ಏಳುತ್ತದೆ. ಮೈಗೆ ತಗುಲಿದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯುತ್ತಲೇ ಇದ್ದು, 911ಕ್ಕೆ ಕರೆ ಮಾಡಬೇಕು.

ಆರು ತಿಂಗಳಿಗೆಂದು ಊರಿನಿಂದ ಬರುವ ನಮ್ಮ ತಂದೆತಾಯಿಯರು, ಅತ್ತೆಮಾವಂದಿರು ಸುಮ್ಮನೆ ಕೂರುವವರಲ್ಲ. ನಾವು ಕೆಲಸಕ್ಕೋ ಅಂಗಡಿಗೋ ಹೋದಾಗ ಕಟ್ಟಿದ ಸಿಂಕನ್ನು ತಾವೇ ಸರಿಪಡಿಸಲು ಹೊರಡುತ್ತಾರೆ. ಸೀಸೆಯ ಮೇಲಿನ ಸಣ್ಣಕ್ಷರದ ಇಂಗ್ಲಿಷು ಎಷ್ಟೋ ಹಿರಿಯರಿಗೆ ಓದಲಾಗದು. ಅಂತಹ ದ್ರವವನ್ನು ಮನೆಗೆ ತಾರದಿರುವುದೇ ಲೇಸು. ತಂದದ್ದಾದರೆ ಬೇರೆ ಸೀಸೆಗೆ ಬಗ್ಗಿಸದೆ, ಬೀಗದೊಳಗಿಟ್ಟು, ಮೇಲೊಂದು ಚೀಟಿ ಅಂಟಿಸೋಣ: “ಮುಟ್ಟಬೇಡಿ. ಇದು ಆ್ಯಸಿಡ್.” ದಪ್ಪ ಅಕ್ಷರಗಳಲ್ಲಿ, ಕನ್ನಡದಲ್ಲಿ.