ಓಡೆಗ್? ಎಲ್ಲಿಗೆ? ಖಂಯ್?

ಬೆಳಿಗ್ಗೆ ಒಂಬತ್ತು ಗಂಟೆ. ಬಂಟ್ವಾಳ ಪೇಟೆಯ ಅಡಿಕೆ ಅಂಗಡಿಯೊಂದರ ಜಗಲಿಯಲ್ಲಿ ನಿಂತಿದ್ದೀರಿ. ಪಿಕಪ್‌ನಿಂದ ಗೋಣಿಗಳು ಇಳಿಯುತ್ತಿವೆ. ಒಂದರ ಬಾಯಿ ಬಿಚ್ಚಿ ನೆಲಕ್ಕೆ ಸುರಿದದ್ದೇ ತಡ, ಒಣ ಅಡಿಕೆಯ ಧೂಳು ಮೂಗಿಗೆ ಅಡರುತ್ತದೆ. ಕೆಲಸದ ಹುಡುಗ ರಾಶಿಯಿಂದ ನಾಲ್ಕು ಎತ್ತಿ ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ಬೆಳಕಿಗೆ ಹಿಡಿದು ನೋಡುತ್ತಾನೆ. ಒಳ್ಳೆಯ ಚಾಲಿ ಒಂದು ಕಡೆ; ಕೆಳದರ್ಜೆಯ ಪಟೋರ, ಉಳ್ಳಿಗಡ್ಡೆ, ಕರಿಗೋಟು ಇನ್ನೊಂದು ಕಡೆ.

ಅಡಿಕೆ ಬಿಡಿ, ಕಿವಿ ಕೊಡಿ. ವಿಟ್ಲದ ಕಡೆಯಿಂದ ಬಂದ ಹವ್ಯಕ ಕೃಷಿಕರು ಜೊತೆಗಿದ್ದವರನ್ನು "ರೇಟು ಎಷ್ಟಿದ್ದಡ ಭಾವ?" ಎಂದು ಮೆಲ್ಲಗೆ ಕೇಳುತ್ತಾರೆ. ಧಣಿಗಳ ಕಡೆಗೆ ತಿರುಗಿದಾಗ ಅದೇ ಪ್ರಶ್ನೆ ತುಳುವಿನಲ್ಲಿ: "ಇನಿ ರೇಟ್ ಏತುಂಡು?" ಧಣಿಗಳು ತುಳುವಿನಲ್ಲೇ ಉತ್ತರ ಕೊಟ್ಟು, ಲೆಕ್ಕ ಬರೆಯುವ ತಮ್ಮನಿಗೆ ಕೊಂಕಣಿಯಲ್ಲಿ ಏನೋ ಹೇಳುತ್ತಾರೆ. ಬಾಗಿಲ ಬಳಿ ನಿಂತ ವ್ಯಾಪಾರಿಯೊಬ್ಬರು ಫೋನಿನಲ್ಲಿ ಬ್ಯಾರಿ ಮಾತಾಡುತ್ತಿದ್ದವರು, ಫೋನು ಕಿಸೆಗೆ ಹಾಕಿ ತುಳುವಿನಲ್ಲಿ ಚೌಕಾಸಿಗೆ ಇಳಿಯುತ್ತಾರೆ. ಬಿಲ್ಲು ಬರೆಯುವುದು ಕನ್ನಡದಲ್ಲಿ. ಇಷ್ಟೂ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಮಾತು ಬದಲಾಯಿತೆಂದು ಯಾರೂ ತಲೆ ಎತ್ತಿ ನೋಡುವುದಿಲ್ಲ.

ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಬರೆದದ್ದು ಕನ್ನಡ. ಕನ್ನಡದ ಮಕ್ಕಳಿಗೆ ಹಾಡು, ಕಥೆ ಕಟ್ಟಿಕೊಟ್ಟು, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರು. ತುಳುವರು ಪಾಡ್ದನದಲ್ಲಿ ಹಾಡಿಕೊಂಡು ಬಂದ ಅವಳಿ ವೀರರ ಕಥೆಯನ್ನು 'ಕೋಟಿ ಚೆನ್ನಯ' ಎಂದು ಕನ್ನಡಕ್ಕೆ ತಂದವರೂ ಅವರೇ. ತುಳು ಕಿವಿಗೆ ಬೀಳದವರಿಗೆ ಈ ಕೆಲಸ ಆಗುತ್ತಿರಲಿಲ್ಲ. ಹಲವು ಮಾತು ಬಲ್ಲವರಿಂದ ಒಂದು ಭಾಷೆಗೆ ಆಗುವ ಲಾಭಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಈಗ ಧರ್ಮಸ್ಥಳದ ಕೆಂಪು ಬಸ್ಸು ಹತ್ತಿ. ಕಿಟಕಿ ಬದಿಯ ಸೀಟು ಸಿಕ್ಕಿದರೆ ಒಳ್ಳೆಯದು. ಕಂಡಕ್ಟರ್ ಟಿಕೆಟ್ ಮೆಷಿನ್ ಒತ್ತುತ್ತಾ ಬರುತ್ತಾನೆ. ಮುಂದಿನ ಸೀಟಿನ ಕುಟುಂಬ "ಧರ್ಮಸ್ಥಳಕ್ಕ ನಾಕು ಕೊಡ್ರಿ" ಎನ್ನುತ್ತದೆ. "ಯಾವ ಊರ್ರೀ ನಿಮ್ದು?" ಎಂದು ಇವನೂ ಅದೇ ಧಾಟಿಯಲ್ಲಿ ಕೇಳಿದಾಗ ತಿಳಿಯುತ್ತದೆ, ಇವನೂ ಘಟ್ಟದಾಚೆಯವನು. ಈ ಕಡೆಯ ಡಿಪೋಗಳಲ್ಲಿ ಉತ್ತರ ಕರ್ನಾಟಕದವರು ಬಹಳ. ನಿಮ್ಮ ಪಕ್ಕದಲ್ಲಿ ವೀಳ್ಯದೆಲೆಯ ಕಟ್ಟು ಮಡಿಲಲ್ಲಿಟ್ಟು ಕುಳಿತ ಅಜ್ಜಿಯ ಬಳಿ ಬಂದವನು "ಓಡೆಗ್ ಅಮ್ಮಾ?" ಎನ್ನುತ್ತಾನೆ. ರಾಗ ಬಯಲುಸೀಮೆಯದು, ಮಾತು ತುಳು. ಅಜ್ಜಿಯ ಮುಖ ಅರಳುತ್ತದೆ. "ಪುಂಜಾಲಕಟ್ಟೆ ಮಗಾ" ಎಂದು ಸೊಂಟದ ಚೀಲ ಬಿಚ್ಚುತ್ತಾರೆ. ಈ ತುಳುವನ್ನು ಅವನಿಗೆ ಯಾವ ತರಬೇತಿಯೂ ಕಲಿಸಿಲ್ಲ. ಇಂಥ ಅಜ್ಜಿಯಂದಿರು ಕಲಿಸಿದ್ದು. ಅವನು ಕಲಿತದ್ದರಿಂದ ಕನ್ನಡ ಬಾರದ ಮುದುಕಿಯೊಬ್ಬಳು ಯಾರ ಸಹಾಯವೂ ಇಲ್ಲದೆ ಇಳಿಯಬೇಕಾದ ಕಡೆ ಇಳಿಯುತ್ತಾಳೆ.

ಪುಂಜಾಲಕಟ್ಟೆ ಕಳೆದು ಮಡಂತ್ಯಾರು. ಇಲ್ಲಿ ಹತ್ತಿದವರ ಹರಟೆ ಕೊಂಕಣಿ. ಒಬ್ಬರು ಇನ್ನೊಬ್ಬರನ್ನು "ಖಂಯ್ ವೆತಾಯ್?" ಎಂದು ಮಾತಾಡಿಸುತ್ತಾ ಹಿಂದಿನ ಸೀಟಿಗೆ ಸರಿಯುತ್ತಾರೆ.

ಬಸ್ಸು ಗುರುವಾಯನಕೆರೆಯ ಕಡೆಗೆ ಹೋಗುತ್ತಿರುವಾಗ ಒಂದು ವಿಷಯ ಹೇಳಿಬಿಡುತ್ತೇನೆ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲೂ ಹೀಗೆಯೇ. ಮೂರನೆಯ, ನಾಲ್ಕನೆಯ ಭಾಷೆಯಿಂದ ಇನ್ನಷ್ಟು ಲಾಭ ಕಾಣಲಿಲ್ಲವೆಂದೂ ಅವರು ಹೇಳಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದೆ ಎರಡು ಮಾತಿನಲ್ಲಿ ಸಂಸಾರ ತೂಗಿಸಿದ ನಮ್ಮ ಮನೆಗಳ ಅಜ್ಜಿಯಂದಿರನ್ನು ನೆನೆದುಕೊಂಡು ಈ ವರದಿ ಓದಬೇಕು.

ಬೆಳ್ತಂಗಡಿಯಲ್ಲಿ ಇಳಿಯಿರಿ. ರಬ್ಬರ್ ಶೀಟ್ ಕೊಳ್ಳುವ ಅಂಗಡಿಯ ಮುಂದೆ ಮಲಯಾಳ ಕೇಳುತ್ತದೆ. ಕೇರಳದಿಂದ ಬಂದು ಗುಡ್ಡದಲ್ಲಿ ನೆಲೆ ನಿಂತ ಕ್ರೈಸ್ತ ಕೃಷಿಕರು ಇಲ್ಲಿ ಎಷ್ಟಿದ್ದಾರೆಂದರೆ, 1999ರಲ್ಲಿ ಸೀರೋ ಮಲಬಾರ್ ಸಭೆ ಬೆಳ್ತಂಗಡಿಗೇ ಒಂದು ಧರ್ಮಪ್ರಾಂತ್ಯ ಕೊಟ್ಟಿತು. ಚಾರ್ಮಾಡಿ ರಸ್ತೆಯಲ್ಲಿ ಮುಂದೆ ಹೋದರೆ ಮುಂಡಾಜೆ. ಅಲ್ಲಿನ ಚಿತ್ಪಾವನ ಬ್ರಾಹ್ಮಣರ ಮನೆಯೊಳಗೆ ಚಿತ್ಪಾವನಿ, ತೋಟಕ್ಕೆ ಇಳಿದರೆ ತುಳು.

ಮಧ್ಯಾಹ್ನದ ಊಟ ಮುಗಿಸಿ ಗುರುವಾಯನಕೆರೆಗೆ ಮರಳಿ ವೇಣೂರಿನ ದಾರಿ ಹಿಡಿಯಿರಿ. ಅಲ್ಲಿನ ಅರಸ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಕೈ ಮುಗಿದು ಹೊರಟರೆ ಇಳಿಹೊತ್ತಿಗೆ ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಯ ಕಲ್ಲು ಇನ್ನೂ ಬೆಚ್ಚಗಿದೆ, ಬರಿಗಾಲಿಗೆ ಹಿತ. ಜೈನರ ಆಗಮಗ್ರಂಥವಾದ ಷಟ್ಖಂಡಾಗಮದ ಧವಲಾ ಟೀಕೆ ಉಳಿದುಬಂದದ್ದು ಈ ಊರಿನ ತಾಳೆಗರಿಗಳಲ್ಲಿ. ಗ್ರಂಥದ ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು, ಕಾಪಾಡಿದ್ದು ತುಳುನಾಡು. 'ಭರತೇಶ ವೈಭವ' ಬರೆದ ರತ್ನಾಕರವರ್ಣಿಯೂ ಇದೇ ಊರಿನವನು. ತನ್ನ ಕಾವ್ಯವನ್ನು ಕನ್ನಡಿಗರು, ತೆಲುಗರು, ತುಳುವರು ಕೇಳಿ, ತಂತಮ್ಮ ನುಡಿಯಲ್ಲಿ ಭೇಷ್ ಎನ್ನಬೇಕೆಂಬ ಆಸೆಯನ್ನು 16ನೇ ಶತಮಾನದ ಆ ಕವಿ ಆರಂಭದಲ್ಲೇ ಹೇಳಿಕೊಂಡಿದ್ದಾನೆ.

ಬಸದಿಯಿಂದ ಪೇಟೆಗೆ ಬನ್ನಿ. ಶಾಲೆಯ ವ್ಯಾನು ನಿಲ್ಲುತ್ತದೆ. ಕಾಯುತ್ತಿದ್ದ ತಾಯಿ ಅತ್ತೆಯೊಡನೆ ಮಾತಾಡುತ್ತಿದ್ದದ್ದು ತುಳು, ಪುಸ್ತಕದ ಚೀಲ ಹೊತ್ತು ಇಳಿದ ಮಗಳಿಗೆ "ಕಮ್ ಫಾಸ್ಟ್, ವಾಟರ್ ಬಾಟಲ್ ಎಲ್ಲಿ?" ಅಜ್ಜಿ ಏನೋ ಕೇಳುತ್ತಾರೆ. ಮಗು ಉತ್ತರಕ್ಕಾಗಿ ತಾಯಿಯ ಮುಖ ನೋಡುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. 2011ರ ಜನಗಣತಿಯಲ್ಲಿ ತುಳು ತಾಯಿನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. ಆದರೂ ಯುನೆಸ್ಕೋ ತುಳುವನ್ನು ಅಪಾಯದ ಅಂಚಿನ ನುಡಿಗಳ ಪಟ್ಟಿಗೆ ಸೇರಿಸಿದೆ. ಕಾರಣ ಈ ವ್ಯಾನಿನ ಬಾಗಿಲಲ್ಲೇ ಇದೆ. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಮಗು ಇಂಗ್ಲಿಷಿನಲ್ಲಿ ಹಿಂದೆ ಬೀಳಬಾರದೆಂಬ ಭಯ ಅವಳದು. ಆದರೆ ಮನೆಮಾತು ಬಿಟ್ಟರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬುದು ಸುಳ್ಳು. ಬೆಳಿಗ್ಗೆ ಅಡಿಕೆ ಅಂಗಡಿಯಲ್ಲಿ ಕಂಡವರಲ್ಲಿ ಯಾರಿಗೂ ಒಂದು ಭಾಷೆ ಇನ್ನೊಂದಕ್ಕೆ ಅಡ್ಡಿಯಾಗಿರಲಿಲ್ಲ.

ಇಂಗ್ಲಿಷನ್ನು ಶಾಲೆ ಕಲಿಸುತ್ತದೆ, ಕಲಿಸಲಿ. ಆರರಿಂದ ಹತ್ತನೇ ತರಗತಿಯವರೆಗೆ ತುಳುವನ್ನು ತೃತೀಯ ಭಾಷೆಯಾಗಿ ಓದುವ ಅವಕಾಶ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದೆ. ನಿಮ್ಮ ಮಗುವಿನ ಶಾಲೆಯಲ್ಲಿ ಇದೆಯೇ ಎಂದು ವಿಚಾರಿಸಿ. ನಿಮ್ಮ ಮನೆಮಾತು ತುಳುವೋ, ಕೊಂಕಣಿಯೋ, ಬ್ಯಾರಿಯೋ, ಮಲಯಾಳವೋ, ಯಾವುದಾದರೂ ಇರಲಿ, ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಮಗುವನ್ನು ಆ ಮಾತಿನಲ್ಲಿ ಮಾತಾಡಿಸಿ. ಅದು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೂ ನೀವು ನಿಲ್ಲಿಸಬೇಡಿ.